ಆರು ವಾರದಲ್ಲಿ ಬಿಪಿ–ಶುಗರ್ ದೂರ ಆರೈಕೆ ಆ್ಯಪ್: ಮೊದಲ ದಿನದಿಂದ ಮೊದಲ ಅರವತ್ತು ರೋಗಿಗಳವರೆಗೆ

ಮನೆಯಲ್ಲೇ ಬಿಪಿ, ಶುಗರ್ ನೋಡಿಕೊಂಡು ಆಸ್ಪತ್ರೆಗೆ ತಿಳಿಸುವ ಆ್ಯಪ್ ಮಾಡಲು ಆರು ತಿಂಗಳು ಸಿಕ್ಕರೆ ಚೆನ್ನ. ಸಾಮಾನ್ಯವಾಗಿ ಸಿಗುವುದು ಆರು ವಾರ. ಅದರಲ್ಲೂ ಒಂದು ವಾರ ಸಹಿ, ಅನುಮತಿ, ಹಬ್ಬದ ರಜೆ ಎಂದು ಕರಗಿಹೋಗುತ್ತದೆ. ಒಂದು ತಾಲ್ಲೂಕು ಆಸ್ಪತ್ರೆ, ಅಲ್ಲಿ ಬಿಪಿ–ಶುಗರ್‌ಗೆ ಬರುವ ಅರವತ್ತು ರೋಗಿಗಳು, ಇಬ್ಬರು ಡೆವಲಪರ್, ಒಬ್ಬ ಡಿಸೈನರ್, ದಿನಕ್ಕೆ ಅರ್ಧ ಹೊತ್ತು ಬಿಡುವಿರುವ ನರ್ಸ್, ವಾರಕ್ಕೆ ಮೂರು ಗಂಟೆ ಕೊಡಬಲ್ಲ ವೈದ್ಯರು. ಇಷ್ಟನ್ನು ಇಟ್ಟುಕೊಂಡು ಏನು ಮಾಡಬಹುದು, ಏನನ್ನು ಕೈಬಿಡಬೇಕು ಎನ್ನುವುದನ್ನು ಇಲ್ಲಿ ಹಂತಹಂತವಾಗಿ ನೋಡೋಣ.

ಇಂಥ ಆ್ಯಪ್‌ಗಳು ಬಹುತೇಕ ಸೋಲುವುದು ಒಂದೇ ಕಡೆ: ರೋಗಿ ಕಳಿಸಿದ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಪರದೆ ಚೆಂದ ಇರುತ್ತದೆ, ಗ್ರಾಫ್ ಇರುತ್ತದೆ. ಶನಿವಾರ ರಾತ್ರಿ ಬಂದ 190/118 ಮಾತ್ರ ಸೋಮವಾರ ಹನ್ನೊಂದು ಗಂಟೆವರೆಗೆ ಸರ್ವರಿನಲ್ಲಿ ಮಲಗಿರುತ್ತದೆ. ಆದ್ದರಿಂದ ಡಿಸೈನ್ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ: ಅಳತೆ ಬಂತು, ಯಾರು ನೋಡುತ್ತಾರೆ, ಎಷ್ಟು ಹೊತ್ತಿನೊಳಗೆ, ನೋಡಿ ಏನು ಮಾಡುತ್ತಾರೆ?

ಮೊದಲ ದಿನ: ಕಾಯಿಸುವ ಕೆಲಸಗಳನ್ನು ಮೊದಲು ಹಚ್ಚಿ

ಕೋಡ್ ಬರೆಯುವುದು ನಿಮ್ಮ ಕೈಯಲ್ಲಿದೆ. ಬೇರೆಯವರು ಒಪ್ಪಿಗೆ ಕೊಡಬೇಕಾದದ್ದು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಮೊದಲ ದಿನ ಲ್ಯಾಪ್‌ಟಾಪ್ ತೆರೆಯುವುದು ಅರ್ಜಿ ತುಂಬಲು.

ಎಸ್‌ಎಂಎಸ್ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ಸಂದೇಶ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆ, ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಸಂಕೇತ), ಪ್ರತಿಯೊಂದು ಸಂದೇಶದ ನಮೂನೆ ಎಲ್ಲವನ್ನೂ ನೋಂದಾಯಿಸಬೇಕು. ಒಂದು ಪದ ಬದಲಾದರೂ ಸಂದೇಶ ಹೋಗುವುದಿಲ್ಲ, ಆಗ ಮತ್ತೆ ನೋಂದಣಿ. ಪ್ಲೇ ಸ್ಟೋರ್‌ನಲ್ಲಿ ಹೊಸದಾಗಿ ತೆರೆದ ವೈಯಕ್ತಿಕ ಖಾತೆಗೆ ಕನಿಷ್ಠ 12 ಮಂದಿ ಪರೀಕ್ಷಕರು ಸತತ 14 ದಿನ ಆ್ಯಪ್ ಪರೀಕ್ಷಿಸಿರಬೇಕು ಎಂಬ ಷರತ್ತಿದೆ. ಆರು ವಾರದಲ್ಲಿ ಎರಡು ವಾರ ಅಲ್ಲೇ ಹೋಯಿತು. ಸಂಸ್ಥೆಯ ಹೆಸರಿನ ಖಾತೆಗೆ ಈ ಷರತ್ತಿಲ್ಲ, ಆದರೆ ಅದಕ್ಕೆ ಸಂಸ್ಥೆಗಳನ್ನು ಗುರುತಿಸುವ ಡಿ-ಯು-ಎನ್-ಎಸ್ ನಂಬರ್ ಬೇಕು. ಆಸ್ಪತ್ರೆಯ ಅಥವಾ ಸಂಸ್ಥೆಯ ಹೆಸರಿನಲ್ಲೇ ಖಾತೆ ತೆರೆಯಿರಿ, ನಂಬರಿಗೆ ಅಂದೇ ಅರ್ಜಿ ಹಾಕಿ. ಆರೋಗ್ಯ ಆ್ಯಪ್‌ಗಳಿಗೆ ಬೇರೆಯೇ ಒಂದು ಘೋಷಣಾ ನಮೂನೆ ಇದೆ, ಅದನ್ನು ಕೊನೆಯ ದಿನಕ್ಕೆ ಬಿಡಬೇಡಿ.

ಮೂರನೆಯದು ವೈದ್ಯರ ಸಹಿ. ಯಾವ ಸಂಖ್ಯೆಗೆ ಏನು ಮಾಡಬೇಕು ಎಂಬ ಒಂದು ಪುಟದ ಪಟ್ಟಿಯ ಕರಡನ್ನು ಮೊದಲ ದಿನವೇ ಅವರ ಮೇಜಿನ ಮೇಲಿಡಿ. ಖಾಲಿ ಹಾಳೆ ಕೊಟ್ಟು ‘ನೀವೇ ಬರೆದುಕೊಡಿ ಸರ್’ ಎಂದರೆ ಮೂರು ವಾರ ಹಿಡಿಯುತ್ತದೆ. ತಪ್ಪಿರುವ ಕರಡು ಕೊಟ್ಟರೆ ಅರ್ಧ ಗಂಟೆಯಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಾರೆ.

ಕಾನೂನಿನ ಮಟ್ಟಿಗೆ ಇಷ್ಟು ತಿಳಿದಿರಲಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ರೋಗಿಯೇ ಸಮಾಲೋಚನೆ ಶುರುಮಾಡಿದರೆ ಒಪ್ಪಿಗೆ ಇದ್ದಂತೆಯೇ. ಆರೋಗ್ಯ ಕಾರ್ಯಕರ್ತೆ, ಮನೆಯವರು ಅಥವಾ ವೈದ್ಯರು ಶುರುಮಾಡಿದರೆ ಸ್ಪಷ್ಟ ಒಪ್ಪಿಗೆ ದಾಖಲಾಗಬೇಕು. ನಿಮ್ಮ ಆ್ಯಪ್‌ನಲ್ಲಿ ನರ್ಸೇ ಕರೆ ಮಾಡುವುದರಿಂದ ಎರಡನೆಯದು ಅನ್ವಯಿಸುತ್ತದೆ. ನೋಂದಣಿಯ ದಿನ ಕನ್ನಡದಲ್ಲಿ ಓದಿ ಹೇಳಿ, ರೋಗಿ ‘ಒಪ್ಪಿದೆ’ ಎಂದ ಧ್ವನಿಯನ್ನು ಇಟ್ಟುಕೊಂಡರೆ ಸಾಕು. ಅದೇ ಮಾರ್ಗಸೂಚಿ ಕೃತಕ ಬುದ್ಧಿಮತ್ತೆ ತಾನೇ ಸಲಹೆ ಕೊಡುವುದಕ್ಕೂ ಔಷಧಿ ಬರೆಯುವುದಕ್ಕೂ ಅವಕಾಶ ಕೊಟ್ಟಿಲ್ಲ, ವೈದ್ಯರಿಗೆ ನೆರವಾಗಬಹುದು ಅಷ್ಟೇ. ಹಾಗಾಗಿ ‘ಎಐ ಸೇರಿಸೋಣವೇ’ ಎಂಬ ಚರ್ಚೆಯನ್ನು ಮೊದಲ ಸಭೆಯಲ್ಲೇ ಮುಗಿಸಿ. ಮಾಹಿತಿ ರಕ್ಷಣೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಬೇಡದ ಮಾಹಿತಿಯನ್ನು ಕೇಳದಿರುವುದು ಅದನ್ನು ಪಾಲಿಸುವ ಅತಿ ಅಗ್ಗದ ದಾರಿ. ಸರ್ಕಾರದ ಆರೋಗ್ಯ ಗುರುತಾದ 14 ಅಂಕಿಯ ಅಭಾ ಸಂಖ್ಯೆಗೆ ಒಂದು ಕಾಲಂ ಇರಲಿ, ಕಡ್ಡಾಯ ಮಾಡಬೇಡಿ.

ಮೊದಲ ವಾರ: ಕ್ಲಿನಿಕ್ಕಿನ ಬೆಂಚಿನ ಮೇಲೆ ಎರಡು ದಿನ

ಡಿಸೈನರ್ ಎರಡು ದಿನ ಒಪಿಡಿಯಲ್ಲಿ ಕೂರಬೇಕು. ಪ್ರಶ್ನೆಪತ್ರಿಕೆ ಬೇಡ, ಮೂರು ವಿಷಯ ಗಮನಿಸಿದರೆ ಸಾಕು. ಫೋನ್ ಯಾರ ಕೈಯಲ್ಲಿದೆ? ಚೀಟಿಯಲ್ಲಿ ಬರೆದದ್ದನ್ನು ಮನೆಯಲ್ಲಿ ಯಾರು ಓದುತ್ತಾರೆ? ಮಾತ್ರೆ ಮುಗಿದಾಗ ಏನು ಮಾಡುತ್ತಾರೆ?

ಅರವತ್ತೈದರ ಅಜ್ಜಿಯ ಹೆಸರಿನಲ್ಲಿರುವ ನಂಬರ್ ಬೆಂಗಳೂರಿನಲ್ಲಿರುವ ಮಗನದ್ದಾಗಿರುತ್ತದೆ. ಮನೆಯಲ್ಲಿರುವ ಒಂದೇ ಸ್ಮಾರ್ಟ್‌ಫೋನನ್ನು ಮೊಮ್ಮಗ ಕಾಲೇಜಿಗೆ ಒಯ್ದಿರುತ್ತಾನೆ. ಇದರ ಅರ್ಥ: ಒಂದು ಫೋನ್ ಎಂದರೆ ಒಬ್ಬ ರೋಗಿ ಎಂಬ ಲೆಕ್ಕ ನಿಲ್ಲುವುದಿಲ್ಲ. ಒಂದು ಫೋನಿನಲ್ಲಿ ನಾಲ್ಕು ರೋಗಿಗಳು, ಒಬ್ಬ ರೋಗಿಗೆ ಮೂರು ನಂಬರ್ ಎಂಬಂತೆಯೇ ದತ್ತಾಂಶ ಜೋಡಿಸಿ. ಇದನ್ನು ಐದನೇ ವಾರದಲ್ಲಿ ಬದಲಿಸಲು ಹೋದರೆ ಅರ್ಧ ಆ್ಯಪ್ ಬಿಚ್ಚಬೇಕಾಗುತ್ತದೆ. ಗಂಡನ ಬಿಪಿ ಹೆಂಡತಿಯ ಖಾತೆಗೆ ಬೀಳುವುದನ್ನು ತಡೆಯಲು ಅಳತೆ ಹಾಕುವ ಪರದೆಯಲ್ಲೇ ಫೋಟೊ ಮತ್ತು ಹೆಸರು ದೊಡ್ಡದಾಗಿರಲಿ. ಹೆಸರು ಮಾತ್ರ ಇದ್ದರೆ ಓದಲು ಬಾರದವರಿಗೆ ಪ್ರಯೋಜನವಿಲ್ಲ.

ಈ ವಾರವೇ ಕಾಗದದ ಹಾಳೆಯ ಮೇಲೆ ಇಡೀ ಸೇವೆಯನ್ನು ನಡೆಸಿ ನೋಡಿ. ಐದು ರೋಗಿಗಳಿಗೆ ಬಿಪಿ ಯಂತ್ರ ಕೊಡಿ, ಅಳತೆಯನ್ನು ವಾಟ್ಸ್‌ಆ್ಯಪ್‌ನಲ್ಲೋ ಫೋನಿನಲ್ಲೋ ತಿಳಿಸಲಿ, ನರ್ಸ್ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಕರೆ ಮಾಡಲಿ. ಆ್ಯಪ್ ಇಲ್ಲದೆ ನಡೆಯದ ಸೇವೆ ಆ್ಯಪ್ ಬಂದ ಮೇಲೂ ನಡೆಯುವುದಿಲ್ಲ.

ಎರಡನೇ ವಾರ: ಕೆಂಪು, ಹಳದಿ, ಮತ್ತು ಮೌನ

ಇಡೀ ಕೆಲಸದ ಹೂರಣ ಈ ಒಂದು ಪುಟ. ಕರಡಾಗಿ ಈ ಸಂಖ್ಯೆಗಳನ್ನು ಇಟ್ಟುಕೊಳ್ಳಬಹುದು. ಕೊನೆಯ ಮಾತು ಸಹಿ ಮಾಡುವ ವೈದ್ಯರದು. ಗರ್ಭಿಣಿಯರನ್ನೂ ಡಯಾಲಿಸಿಸ್‌ನಲ್ಲಿರುವವರನ್ನೂ ಮೊದಲ ಅರವತ್ತರಲ್ಲಿ ಸೇರಿಸಬೇಡಿ, ಅವರ ಗಡಿಗಳೇ ಬೇರೆ.

ಕೆಂಪು: ಮೇಲಿನ ಬಿಪಿ 180 ಅಥವಾ ಕೆಳಗಿನದು 120 ಮುಟ್ಟಿದರೆ, ಶುಗರ್ 54ಕ್ಕಿಂತ ಇಳಿದರೆ, ಶುಗರ್ 300 ದಾಟಿ ಜೊತೆಗೆ ವಾಂತಿ, ಏದುಸಿರು ಅಥವಾ ಮಂಪರು ಇದ್ದರೆ. ಸಂಖ್ಯೆ ಏನೇ ಇರಲಿ, ಎದೆ ಹಿಡಿದಂತಾಗುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಇದ್ದರೆ ನೇರ ಕೆಂಪು.

ಹಳದಿ: 160/100 ದಾಟಿದರೆ, ಮೇಲಿನದು 90ಕ್ಕಿಂತ ಇಳಿದು ತಲೆಸುತ್ತು ಇದ್ದರೆ, ಶುಗರ್ 54ರಿಂದ 69ರೊಳಗೆ ಇದ್ದರೆ, ಅಥವಾ ಬೇರೆ ತೊಂದರೆಯಿಲ್ಲದೆ 300 ದಾಟಿದರೆ.

ಉಳಿದದ್ದು ಹಸಿರು. ಒಂದು ವಾರದ ಸರಾಸರಿ ನೋಡುವಾಗ ಮನೆಯ ಅಳತೆಗೆ ಗಡಿ 135/85, ಕ್ಲಿನಿಕ್ಕಿನ 140/90 ಅಲ್ಲ. ಇದನ್ನು ಮರೆತವರು ನಿಯಂತ್ರಣದಲ್ಲಿಲ್ಲದ ಬಿಪಿಯನ್ನು ಹಸಿರು ಎಂದು ತೋರಿಸುತ್ತಾರೆ.

ಈಗ ಬರುವ ಮೊದಲ ಕಷ್ಟ: ಸುಳ್ಳು ಎಚ್ಚರಿಕೆ. ಹೊಲದಿಂದ ನಡೆದು ಬಂದವರು ನೇರ ತೋಳಿಗೆ ಯಂತ್ರದ ಪಟ್ಟಿ ಕಟ್ಟಿಕೊಂಡರೆ ಬಿಪಿ ಹೆಚ್ಚೇ ತೋರುತ್ತದೆ. ಆದ್ದರಿಂದ ಲಕ್ಷಣ ಇಲ್ಲದ ಒಂದೇ ಕೆಂಪು ಬಿಪಿಗೆ ಯಾರನ್ನೂ ಎಬ್ಬಿಸಬೇಡಿ. ಆ್ಯಪ್ ಐದು ನಿಮಿಷದ ಗಡಿಯಾರ ತೋರಿಸಿ ಮತ್ತೆ ಅಳೆಯಲು ಹೇಳಲಿ. ಎರಡನೆಯದೂ ಕೆಂಪಾದರೆ ನರ್ಸ್‌ಗೆ ಕರೆ, ಒಂದು ಗಂಟೆಯೊಳಗೆ ವೈದ್ಯರ ಮಾತು. ಎರಡನೇ ಅಳತೆ ಬಾರದೇ ಹೋದರೆ? ಹತ್ತು ನಿಮಿಷ ಕಾದು ಅದನ್ನೂ ಕೆಂಪೆಂದೇ ತೆಗೆದುಕೊಳ್ಳಿ. ಲಕ್ಷಣ ಇದ್ದರೆ ಗಡಿಯಾರವೂ ಇಲ್ಲ, ಎರಡನೇ ಅಳತೆಯೂ ಇಲ್ಲ: ಪರದೆ ತುಂಬ ಒಂದೇ ಗುಂಡಿ, 108.

ಶುಗರ್ ಇಳಿದಾಗ ನರ್ಸ್ ಕರೆಗಾಗಿ ಕಾಯಿಸುವಂತಿಲ್ಲ. 70ಕ್ಕಿಂತ ಕಡಿಮೆ ಬಂದ ಕ್ಷಣವೇ ಪರದೆ ಹೇಳಬೇಕು: ‘ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಈಗಲೇ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ.’ ಕೆಳಗೆ ಮನೆಯವರಿಗಾಗಿ: ‘ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.’ ಚಮಚ ಎಂದರೆ ಟೀ ಚಮಚ ಎಂಬ ಚಿತ್ರವೂ ಇರಲಿ.

ಎರಡನೇ ಕಷ್ಟ ಇದಕ್ಕಿಂತ ದೊಡ್ಡದು, ಮೌನ. ಹುಷಾರಿಲ್ಲದವರು ಆ್ಯಪ್ ತೆರೆಯುವುದಿಲ್ಲ. ಮಾತ್ರೆ ಮುಗಿದವರು ಬೈಸಿಕೊಳ್ಳಬೇಕಾಗುತ್ತದೆ ಎಂದು ಅಳತೆಯನ್ನೇ ಕಳಿಸುವುದಿಲ್ಲ. ಎರಡು ಬಾರಿಯ ಅಳತೆ ತಪ್ಪಿದರೆ ಎಸ್‌ಎಂಎಸ್, ಮೂರನೆಯದೂ ತಪ್ಪಿದರೆ ನರ್ಸ್ ಪಟ್ಟಿಯಲ್ಲಿ ಹಳದಿ, ಒಂದು ವಾರ ಸದ್ದಿಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಮನೆ ಭೇಟಿ. ಡ್ಯಾಶ್‌ಬೋರ್ಡ್‌ನಲ್ಲಿ ‘ಅಳತೆ ಇಲ್ಲ’ ಎಂಬುದಕ್ಕೆ ಹಸಿರಿನಿಂದ ಬೇರೆಯಾದ ಬಣ್ಣ ಕೊಡಿ. ಕೊನೆಯ ಅಳತೆ ಚೆನ್ನಾಗಿತ್ತು ಎಂದು ಹಸಿರಾಗಿಯೇ ಉಳಿಸುವುದು ಎಲ್ಲರೂ ಮಾಡುವ ತಪ್ಪು.

ಲೆಕ್ಕ ಹಾಕಿಯೇ ಮುಂದೆ ಹೋಗಿ. ಅರವತ್ತು ಜನ, ವಾರಕ್ಕೆ ಮೂರು ದಿನ, ಬೆಳಿಗ್ಗೆ ಸಂಜೆ: ವಾರಕ್ಕೆ 360 ಸಲ. ಪ್ರತಿ ಸಲ ಎರಡು ಅಳತೆ, ಒಟ್ಟು 720 ಸಂಖ್ಯೆ. ಇಷ್ಟನ್ನು ನರ್ಸ್ ಓದುವುದು ಆಗದ ಮಾತು. ನೂರಕ್ಕೆ ಐದು ಹಳದಿ ಎಂದಿಟ್ಟುಕೊಂಡರೆ 18 ಕರೆ, ಕರೆಗೆ ಎಂಟು ನಿಮಿಷ, ವಾರಕ್ಕೆ ಸುಮಾರು ಎರಡೂವರೆ ಗಂಟೆ. ಅರ್ಧ ದಿನದ ನರ್ಸ್‌ಗೆ ಇದು ಹೊರೆಯಾಗದು. ನೂರಕ್ಕೆ ಇಪ್ಪತ್ತಾದರೆ 72 ಕರೆ, ಒಂಬತ್ತೂವರೆ ಗಂಟೆ ಚಿಲ್ಲರೆ. ಆಗ ಮೂರನೇ ವಾರದ ಹೊತ್ತಿಗೆ ಅವರು ಹಳದಿಯನ್ನು ನೋಡುವುದನ್ನೇ ಬಿಡುತ್ತಾರೆ. ಅಂಥ ಸ್ಥಿತಿ ಬಂದರೆ ರೋಗಿಗಳ ಸಂಖ್ಯೆ ಇಳಿಸಿ; ಗಡಿ ಸಡಿಲಿಸುವುದಾದರೆ ವೈದ್ಯರೇ ಸಡಿಲಿಸಬೇಕು, ಡೆವಲಪರ್ ಅಲ್ಲ.

ಅಳತೆ ಹಾಕುವ ಪರದೆ

ರೋಗಿಯ ಕಡೆ ಒಟ್ಟು ನಾಲ್ಕು ಪರದೆ ಸಾಕು: ಯಾರು, ಅಳತೆ, ಮುಂದೇನು, ಕರೆ ಮಾಡಿ. ಚಾಟ್, ಆಹಾರ ಸಲಹೆ, ಹೆಜ್ಜೆ ಎಣಿಕೆ, ವಿಡಿಯೊ ಎಲ್ಲ ಬೇಡ. ವಿಡಿಯೊ ಬೇಕೇಬೇಕು ಎನ್ನುವವರಿಗೆ ಸರ್ಕಾರದ ಇ-ಸಂಜೀವಿನಿ ಇದೆ, ಆರು ವಾರದಲ್ಲಿ ಅದನ್ನು ಮತ್ತೆ ಕಟ್ಟುವ ಅಗತ್ಯವಿಲ್ಲ.

ಬಿಪಿ ಯಂತ್ರದ ಮುಖದಲ್ಲಿ ಮೂರು ಸಂಖ್ಯೆ ಒಂದರ ಕೆಳಗೊಂದು ಬರುತ್ತದೆ: ಮೇಲಿನ ಬಿಪಿ, ಕೆಳಗಿನ ಬಿಪಿ, ನಾಡಿ. ನಿಮ್ಮ ಪರದೆಯಲ್ಲೂ ಅದೇ ಕ್ರಮ, ಅದೇ ಜಾಗ. ಅಕ್ಕಪಕ್ಕ ಇಟ್ಟರೆ ನಾಡಿಯನ್ನು ಕೆಳಗಿನ ಬಿಪಿ ಎಂದು ತುಂಬುವುದು ಖಂಡಿತ. ನಾಡಿಯ ಡಬ್ಬಿಯನ್ನು ಕೈಬಿಟ್ಟರೆ ತಪ್ಪು ಇನ್ನೂ ಹೆಚ್ಚುತ್ತದೆ, ಯಂತ್ರದಲ್ಲಿ ಮೂರಿದ್ದು ಇಲ್ಲಿ ಎರಡೇ ಇರುವುದರಿಂದ. ಅಂಕಿ 0ಯಿಂದ 9 ಇರಲಿ, ೦ಯಿಂದ ೯ ಬೇಡ. ಕನ್ನಡದ ಮೇಲಿನ ಪ್ರೀತಿ ಬೇರೆ, ಯಂತ್ರ ತೋರಿಸುವುದು ಬೇರೆ. ಕೆಳಗಿನದು ಮೇಲಿನದಕ್ಕಿಂತ ಹೆಚ್ಚಿದ್ದರೆ, ಮೇಲಿನದು 60–260ರ ಆಚೆ, ಕೆಳಗಿನದು 30–160ರ ಆಚೆ ಹೋದರೆ ‘ಯಂತ್ರ ಮತ್ತೊಮ್ಮೆ ನೋಡಿ’ ಎನ್ನಲಿ. ಎರಡನೇ ಸಲವೂ ಅದನ್ನೇ ಒತ್ತಿದರೆ ತೆಗೆದುಕೊಂಡು ನರ್ಸ್‌ಗೆ ಗುರುತು ಹಾಕಿ ಕಳಿಸಲಿ. ಬಾಗಿಲು ಹಾಕಿಬಿಟ್ಟರೆ ಜನ ಒಪ್ಪುವ ಸಂಖ್ಯೆಯೊಂದನ್ನು ಊಹಿಸಿ ತುಂಬುತ್ತಾರೆ.

ಶುಗರ್‌ಗೆ ‘ಖಾಲಿ ಹೊಟ್ಟೆ’, ‘ಊಟ ಆದ ಮೇಲೆ’ ಎಂಬ ಎರಡು ಗುಂಡಿ, ಮೊದಲೇ ಯಾವುದೂ ಒತ್ತಿರಬಾರದು. ಮೊದಲೇ ಗುರುತಿಟ್ಟರೆ ಎಲ್ಲರದ್ದೂ ಖಾಲಿ ಹೊಟ್ಟೆಯೇ ಆಗಿಬಿಡುತ್ತದೆ.

ಅಳೆಯುವ ವಿಧಾನವನ್ನು ಅಳೆಯುವ ಮುಂಚೆಯೇ ಚಿತ್ರ ಮತ್ತು ಧ್ವನಿಯಲ್ಲಿ ತೋರಿಸಿ: ಅರ್ಧ ಗಂಟೆಯಿಂದ ಕಾಫಿ, ಬೀಡಿ ಇಲ್ಲ, ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕೂರುವುದು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ, ಒಂದು ನಿಮಿಷ ಬಿಟ್ಟು ಎರಡನೇ ಅಳತೆ. ತೋಳಿನ ಸುತ್ತಳತೆಯನ್ನು ಯಂತ್ರ ಕೊಡುವ ದಿನವೇ ಟೇಪಿನಲ್ಲಿ ಅಳೆಯಿರಿ. ಸಾಮಾನ್ಯ ಪಟ್ಟಿ 22–32 ಸೆಂ.ಮೀ. ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿ, ಬೇಡದ ಮಾತ್ರೆ ಏರುತ್ತದೆ. ಅರವತ್ತು ಯಂತ್ರದ ಜೊತೆ ಒಂದಷ್ಟು ದೊಡ್ಡ ಪಟ್ಟಿಗಳನ್ನೂ ತರಿಸಿಕೊಳ್ಳಿ.

ಬ್ಲೂಟೂತ್ ಯಂತ್ರ ಬೇಕೇ? ಮೊದಲ ಸುತ್ತಿಗೆ ಬೇಡ. ಬಿಪಿಗೆ ಹೆಕ್ಸ್ 1810, ಶುಗರ್‌ಗೆ 1808 ಎಂಬ, ಎಲ್ಲ ತಯಾರಕರಿಗೂ ಒಂದೇ ಆದ ಪ್ರಮಾಣಿತ ಬ್ಲೂಟೂತ್ ಸೇವೆಗಳಿವೆ ನಿಜ, ಆದರೆ ಅಗ್ಗದ ಯಂತ್ರಗಳಲ್ಲಿ ತಯಾರಕರದ್ದೇ ಬೇರೆ ಭಾಷೆ ಇರುತ್ತದೆ. ಜೋಡಣೆ ಕಳಚುವುದು, ಯಂತ್ರದ ಗಡಿಯಾರ ತಪ್ಪಿರುವುದು, ಹಳೆಯ ನೆನಪಿನಲ್ಲಿದ್ದ ಪಕ್ಕದ ಮನೆಯವರ ಅಳತೆಯೂ ಸೇರಿ ಬರುವುದು, ಇವೆಲ್ಲ ಸೇರಿ ಎರಡು ವಾರ ನುಂಗುತ್ತವೆ. ಕೈಯಲ್ಲಿ ತುಂಬಿಸಿ, ಜೊತೆಗೆ ಯಂತ್ರದ ಒಂದು ಫೋಟೊ. ಅನುಮಾನ ಬಂದಾಗ ನರ್ಸ್ ಫೋಟೊ ನೋಡಿಕೊಳ್ಳಲಿ.

ಕನ್ನಡದ ಲೆಕ್ಕಾಚಾರ

ಕನ್ನಡ ಅಕ್ಷರಕ್ಕೆ ಕೆಳಗೆ ಜಾಗ ಬೇಕು. ಇಂಗ್ಲಿಷಿಗೆಂದು ಮಾಡಿದ ಗುಂಡಿಯಲ್ಲಿ ‘ರಕ್ತದೊತ್ತಡ’ದ ಒತ್ತಕ್ಷರ ಕತ್ತರಿಸಿಹೋಗುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಬಳಸಿ, ಸಾಲಿನ ಎತ್ತರ 1.6 ಇಡಿ, ಅಗ್ಗದ ಫೋನಿನಲ್ಲಿ ಅಕ್ಷರ ಗಾತ್ರವನ್ನು ಗರಿಷ್ಠಕ್ಕೇರಿಸಿ ನೋಡಿ. ಅಂದಹಾಗೆ ‘ರಕ್ತದೊತ್ತಡ’ ಎಂಬ ಪದವೇ ಬೇಡ, ಎಲ್ಲರೂ ಬಿಪಿ ಎನ್ನುತ್ತಾರೆ. ಮೈಸೂರು ಸೀಮೆಯ ಮಾತ್ರೆ ಧಾರವಾಡದ ಕಡೆ ಗುಳಿಗಿ. ಧ್ವನಿಯನ್ನು ಆಯಾ ಊರಿನ ನರ್ಸ್ ಕೈಲೇ ಓದಿಸಿ ರೆಕಾರ್ಡ್ ಮಾಡಿ, ಒಂದು ಮಧ್ಯಾಹ್ನದ ಕೆಲಸ.

ಎಸ್‌ಎಂಎಸ್‌ನಲ್ಲಿ ಕನ್ನಡಕ್ಕೆ ಒಂದು ಸಂದೇಶಕ್ಕೆ ಸಿಗುವುದು 70 ಸ್ಥಾನ. ‘ಕ್ಷೇಮ’ ಕಣ್ಣಿಗೆ ಎರಡಕ್ಷರ, ಒತ್ತು, ಸ್ವರಚಿಹ್ನೆಗಳೂ ಎಣಿಕೆಗೆ ಬರುವುದರಿಂದ ಅಲ್ಲಿ ಐದು. ‘ಇವತ್ತಿನ ಅಳತೆ ಇನ್ನೂ ಬಂದಿಲ್ಲ. ಮಾತ್ರೆ ಇದೆಯೇ? ಇಲ್ಲದಿದ್ದರೆ ಕರೆ ಮಾಡಿ.’ ಇದು 63. ಕೊನೆಗೆ ಒಂದು ಖಾಲಿ ಜಾಗ ಬಿಟ್ಟು ಹತ್ತಂಕಿಯ ನಂಬರ್ ಸೇರಿಸಿದರೆ 74, ಎರಡು ಸಂದೇಶದ ದುಡ್ಡು. ಸಂದೇಶದಲ್ಲಿ ಕಾಯಿಲೆಯ ಹೆಸರಿಲ್ಲ ಎಂಬುದನ್ನೂ ಗಮನಿಸಿ. ಫೋನ್ ಮನೆಮಂದಿಗೆಲ್ಲ ಸೇರಿದ್ದು.

ಮೂರು, ನಾಲ್ಕನೇ ವಾರ: ಕಟ್ಟುವುದು

ಮಲೆನಾಡಿನಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಆದ್ದರಿಂದ ಕೆಂಪು–ಹಳದಿ ಲೆಕ್ಕ ಫೋನಿನೊಳಗೇ ನಡೆಯಬೇಕು. ಸಕ್ಕರೆ ನೀರಿನ ಸೂಚನೆ ಇಂಟರ್ನೆಟ್‌ಗೆ ಕಾಯಬಾರದು. ಅದೇ ಲೆಕ್ಕ ಸರ್ವರಿನಲ್ಲೂ ಮತ್ತೊಮ್ಮೆ ನಡೆಯಲಿ, ಹಳೆಯ ಆವೃತ್ತಿ ಇಟ್ಟುಕೊಂಡ ಫೋನುಗಳಿಗಾಗಿ.

ಪ್ರತಿ ಅಳತೆಗೆ ಫೋನಿನಲ್ಲೇ ಒಂದು ಅನನ್ಯ ಗುರುತು ಹುಟ್ಟಲಿ. ನೆಟ್‌ವರ್ಕ್ ಬಂದುಹೋಗುವಾಗ ಒಂದೇ ಅಳತೆ ಮೂರು ಸಲ ಬಂದರೂ ಸರ್ವರ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಅಳೆದ ಸಮಯ, ತಲುಪಿದ ಸಮಯ ಎರಡೂ ಬೇರೆ ಕಾಲಂ: ನಿನ್ನೆ ರಾತ್ರಿಯ ಕೆಂಪು ಇವತ್ತು ಬೆಳಿಗ್ಗೆ ತಲುಪಿದರೆ ನರ್ಸ್‌ಗೆ ಅದು ಕಾಣಬೇಕು. ತಿದ್ದುಪಡಿ ಎಂದರೆ ಹೊಸ ಸಾಲು, ಹಳೆಯದನ್ನು ಅಳಿಸುವಂತಿಲ್ಲ. ಮುಂದೆ ಬೇರೆ ವ್ಯವಸ್ಥೆಗೆ ಜೋಡಿಸಲು ವೈದ್ಯಕೀಯ ಅಳತೆಗಳನ್ನು ಗುರುತಿಸುವ ಲೊಯಿಂಕ್ ಸಂಕೇತವನ್ನು ಈಗಲೇ ಬರೆದಿಡಿ: ಮೇಲಿನ ಬಿಪಿ 8480-6, ಕೆಳಗಿನದು 8462-4.

ಅಳತೆಯ ನೆನಪೋಲೆಯನ್ನು ಆ್ಯಪ್‌ನ ನೋಟಿಫಿಕೇಶನ್ ಒಂದಕ್ಕೇ ಬಿಡಬೇಡಿ. ಆಂಡ್ರಾಯ್ಡ್ 13ರಿಂದ ಅದಕ್ಕೆ ಬಳಕೆದಾರರ ಅನುಮತಿ ಬೇಕು, ‘ಬೇಡ’ ಒತ್ತಿಬಿಟ್ಟರೆ ಮುಗಿಯಿತು. ಬ್ಯಾಟರಿ ಉಳಿಸುವ ನೆಪದಲ್ಲಿ ಹಲವು ಫೋನುಗಳು ಹಿನ್ನೆಲೆಯ ಕೆಲಸವನ್ನೇ ಕೊಲ್ಲುತ್ತವೆ. ಸರ್ವರಿನಿಂದ ಎಸ್‌ಎಂಎಸ್, ಅದಕ್ಕೂ ಉತ್ತರವಿಲ್ಲದಿದ್ದರೆ ಮನುಷ್ಯರ ಕರೆ.

ನರ್ಸ್ ಕಡೆ ಒಂದೇ ಪಟ್ಟಿ, ಕೆಂಪು ಮೇಲೆ, ಅದರೊಳಗೆ ಹಳೆಯದು ಮೊದಲು. ಪ್ರತಿ ಸಾಲಿಗೆ ‘ಕರೆ ಮಾಡಿದೆ’, ‘ಸಿಗಲಿಲ್ಲ’, ‘ವೈದ್ಯರಿಗೆ ಕಳಿಸಿದೆ’ ಎಂಬ ಮೂರು ಗುಂಡಿ. ಇವುಗಳಲ್ಲಿ ಒಂದನ್ನು ಒತ್ತದೆ ಸಾಲು ಮಾಯವಾಗಬಾರದು. ಕೆಂಪು ಸಾಲು 15 ನಿಮಿಷ ಹಾಗೇ ಕೂತರೆ ಎರಡನೇ ವ್ಯಕ್ತಿಗೆ ಕರೆ ಹೋಗಲಿ. ಆ ಎರಡನೇ ವ್ಯಕ್ತಿಯ ಹೆಸರನ್ನು ‘ಡ್ಯೂಟಿ ಡಾಕ್ಟರ್’ ಎಂದು ಬರೆಯದೆ, ಆ ವಾರದ ಪಾಳಿಯಲ್ಲಿರುವವರ ಹೆಸರನ್ನೇ ಬರೆಯಿರಿ. ಮಾತ್ರೆ ಪ್ರಮಾಣ ಬದಲಿಸುವ ಗುಂಡಿ ವೈದ್ಯರ ಲಾಗಿನ್‌ನಲ್ಲಿ ಮಾತ್ರ.

ರಾತ್ರಿ ನೋಡುವವರಿಲ್ಲ ಎಂದಾದರೆ ಅದನ್ನು ಮುಚ್ಚಿಡಬೇಡಿ. ಸಂಜೆ ಆರರ ನಂತರ ಅಳತೆ ಹಾಕಿದವರಿಗೆ ‘ಈಗ ಆಸ್ಪತ್ರೆಯಲ್ಲಿ ಇದನ್ನು ನೋಡುವವರಿಲ್ಲ, ನಾಳೆ ಒಂಬತ್ತಕ್ಕೆ ನೋಡುತ್ತೇವೆ; ತೊಂದರೆ ಇದ್ದರೆ 108’ ಎಂದು ಬರೆದಿರಲಿ, ಓದಿ ಹೇಳಲಿ. ಯಾರೋ ನೋಡುತ್ತಿದ್ದಾರೆ ಎಂದು ನಂಬಿ ಕೂತವರು ಆಸ್ಪತ್ರೆಗೆ ಹೊರಡುವುದನ್ನು ತಡ ಮಾಡುತ್ತಾರೆ.

ಐದು, ಆರನೇ ವಾರ: ಹತ್ತು, ಆಮೇಲೆ ಅರವತ್ತು

ಐದನೇ ವಾರ ಹತ್ತೇ ರೋಗಿಗಳು. ಪ್ರತಿಯೊಬ್ಬರಿಗೂ ಕ್ಲಿನಿಕ್ಕಿನಲ್ಲಿ 20 ನಿಮಿಷ: ಅವರೇ ಪಟ್ಟಿ ಕಟ್ಟಬೇಕು, ಅವರೇ ಸಂಖ್ಯೆ ಒತ್ತಬೇಕು, ನೀವು ಕೈ ಹಾಕುವಂತಿಲ್ಲ. ಮೂರು ಸಲ ತಪ್ಪಿದರೆ ಆ ಮನೆಗೆ ಆ್ಯಪ್ ಬೇಡ, ಆಶಾ ಕಾರ್ಯಕರ್ತೆ ತಮ್ಮ ಫೋನಿನಲ್ಲಿ ಹಾಕಲಿ.

ವಾರದ ಕೊನೆಗೆ ಕಾಗದದ ನೋಟ್‌ಬುಕ್ ಮತ್ತು ಸರ್ವರ್ ಎರಡನ್ನೂ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಕಳೆದುಹೋದ ಒಂದು ಅಳತೆ ಸಿಕ್ಕರೂ ಅದರ ಕಾರಣ ತಿಳಿಯುವ ತನಕ ಹನ್ನೊಂದನೆಯವರನ್ನು ಸೇರಿಸಬೇಡಿ.

ಅರವತ್ತಕ್ಕೆ ಏರಿಸುವ ಮುಂಚಿನ ಶನಿವಾರ ರಾತ್ರಿ ಒಂಬತ್ತಕ್ಕೆ, ಯಾರಿಗೂ ಹೇಳದೆ, ಪರೀಕ್ಷೆಯ ಖಾತೆಯಿಂದ ಎರಡು ಕೆಂಪು ಅಳತೆ ಕಳಿಸಿ. ಪರದೆ ನಿಜ ಹೇಳಿತೇ, ಯಾರ ಫೋನ್ ಬಡಿಯಿತು, ಎಷ್ಟು ನಿಮಿಷಕ್ಕೆ ಎತ್ತಿದರು, ಎತ್ತದಿದ್ದಾಗ ಎರಡನೆಯವರಿಗೆ ಹೋಯಿತೇ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಸೋಮವಾರ ಅದನ್ನು ವೈದ್ಯರ ಮೇಜಿನ ಮೇಲೆ, ಅವರು ಸಹಿ ಮಾಡಿದ ಪುಟದ ಪಕ್ಕದಲ್ಲಿ ಇಡಿ. ಪುಟದಲ್ಲಿ ಬರೆದ ಒಂದು ಗಂಟೆಯೂ ನಿಮ್ಮ ಚೀಟಿಯ ನಿಮಿಷಗಳೂ ಹೊಂದದಿದ್ದರೆ, ಪಾಳಿ ಸರಿಯಾಗುವವರೆಗೆ ಹತ್ತರಲ್ಲೇ ಇರಿ.